ಬಾಗಲಕೋಟೆ ಜಿಲ್ಲೆಯ ಪ್ರಯಾಣಿಕರ ತಂಗುದಾಣಗಳು

ಬಾಗಲಕೋಟೆ ಜಿಲ್ಲೆಯ ಪ್ರಯಾಣಿಕರ ತಂಗುದಾಣಗಳು ಎಂದರೆ ಉತ್ತರ ಕರ್ನಾಟಕದ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗಗಳಲ್ಲಿ ದೂರಪ್ರಯಾಣದ ನಡುವೆ ಜನರು ದಣಿವಾರಿಸಿಕೊಳ್ಳಲು, ಸ್ನಾನ ಮಾಡಲು, ಬಟ್ಟೆ ಬದಲಿಸಲು ಮತ್ತು ಮುಂದಿನ ವಾಹನಕ್ಕಾಗಿ ಕಾಯಲು ಬಳಸುವ ಸ್ಥಳಗಳು. ಅರವಟ್ಟಿಗೆ, ಛತ್ರ, ಧರ್ಮಶಾಲೆ, ದೇವಾಲಯದ ಹೊಂಡ ಮತ್ತು ಮಂಟಪ, ಮಠದ ದಾಸೋಹ ಇವು ಹಳೆಯ ರೂಪಗಳು. ರೈಲು ನಿಲ್ದಾಣದ ನಿರೀಕ್ಷಣಾ ಕೊಠಡಿ, ಬಸ್ ನಿಲ್ದಾಣ, ಯಾತ್ರಿ ನಿವಾಸ ಮತ್ತು ವಸತಿಗೃಹಗಳು ಈಚಿನ ರೂಪಗಳು. ಹಳೆಯ ವ್ಯವಸ್ಥೆಯು ದಾನಧರ್ಮದ ಮೇಲೆ ನಿಂತಿತ್ತು. ಹೊಸ ವ್ಯವಸ್ಥೆಯು ಬಹುಮಟ್ಟಿಗೆ ಪ್ರಯಾಣದ ಚೀಟಿ ಮತ್ತು ಶುಲ್ಕವನ್ನು ಅವಲಂಬಿಸಿದೆ. ಎರಡೂ ಇಂದು ಜಿಲ್ಲೆಯಲ್ಲಿ ಜೊತೆಜೊತೆಯಾಗಿ ಉಳಿದುಕೊಂಡಿವೆ.

ಹೆಸರುಗಳು

ದಾರಿಹೋಕರಿಗೆ ಉಚಿತವಾಗಿ ನೀರು ಕೊಡುವ ಚಪ್ಪರಕ್ಕೆ ಕನ್ನಡದಲ್ಲಿ ಅರವಟ್ಟಿಗೆ ಎಂದು ಹೆಸರು. ಹಳಗನ್ನಡದಲ್ಲಿ ಇದರ ರೂಪ ಅಱವಟ್ಟಿಗೆ. ‘ಅಱ’ ಎಂದರೆ ಧರ್ಮ. ಛತ್ರ ಎಂಬ ಮಾತು ಸಂಸ್ಕೃತದ ಸತ್ರದಿಂದ ಬಂದಿದೆ. ಊಟ ಮತ್ತು ತಂಗಲು ಜಾಗ ಎರಡೂ ದೊರೆಯುವ ಸ್ಥಳವೇ ಛತ್ರ. ಶಾಸನಗಳಲ್ಲಿ ಅರವಟ್ಟಿಗೆ ಮತ್ತು ಸತ್ರಗಳಿಗೆ ಭೂಮಿಯನ್ನೋ ಹಣವನ್ನೋ ದತ್ತಿಯಾಗಿ ಬಿಟ್ಟ ಉಲ್ಲೇಖಗಳು ಕರ್ನಾಟಕದ ಅನೇಕ ಕಡೆ ದೊರೆಯುತ್ತವೆ. ಧರ್ಮಶಾಲೆ ಎಂಬುದು ಮುಂಬೈ ಪ್ರಾಂತ್ಯದ ಆಡಳಿತದ ಕಾಲದಲ್ಲಿ ಈ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಹೆಸರು.

‘ತಂಗು’ ಎಂಬ ಕ್ರಿಯಾಪದಕ್ಕೆ ಉಳಿದುಕೊಳ್ಳು, ಇರುಳು ಕಳೆ ಎಂಬ ಅರ್ಥಗಳಿವೆ. ಇಂದು ರಸ್ತೆಯ ಬದಿಯಲ್ಲಿ ‘ಪ್ರಯಾಣಿಕರ ತಂಗುದಾಣ’ ಎಂಬ ಫಲಕ ಹೊತ್ತ ಕಟ್ಟಡದಲ್ಲಿ ಸಾಮಾನ್ಯವಾಗಿ ಒಂದು ಚಾವಣಿ ಮತ್ತು ಕಲ್ಲಿನ ಆಸನ ಮಾತ್ರ ಇರುತ್ತವೆ. ಹೆಸರು ಸೂಚಿಸುವ ಸೌಕರ್ಯಕ್ಕೂ ಕಟ್ಟಡ ಒದಗಿಸುವ ಸೌಕರ್ಯಕ್ಕೂ ಇರುವ ಈ ಅಂತರವು ಹಳೆಯ ಮತ್ತು ಹೊಸ ವ್ಯವಸ್ಥೆಗಳ ಹೋಲಿಕೆಯಲ್ಲಿ ಮುಖ್ಯವಾದುದು.

ಪ್ರಯಾಣಿಕರ ಅಗತ್ಯಗಳು

ದೂರಪ್ರಯಾಣದ ನಡುವೆ ಮನುಷ್ಯನಿಗೆ ಬೇಕಾಗುವುದು ನಾಲ್ಕು: ನೆರಳು, ನೀರು, ಮರೆ ಮತ್ತು ಗಂಟುಮೂಟೆಯ ಭದ್ರತೆ. ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ ಮೊದಲ ಎರಡು ಅಗತ್ಯಗಳು ಎಲ್ಲರಿಗೂ ಸಮಾನ. ಮೂರನೆಯದು ಹೆಂಗಸರಿಗೆ, ಎಳೆಗೂಸಿನ ತಾಯಂದಿರಿಗೆ ಮತ್ತು ವೃದ್ಧರಿಗೆ ಅತ್ಯಂತ ತೀವ್ರವಾದುದು. ಗಂಡಸರು ಬಾವಿಕಟ್ಟೆಯಲ್ಲಿಯೋ ನಳದ ಬಳಿಯಲ್ಲಿಯೋ ಮೈ ತೊಳೆದುಕೊಳ್ಳಬಹುದು. ಹೆಂಗಸರಿಗೆ ಬಾಗಿಲು ಮುಚ್ಚುವ ಜಾಗ ಬೇಕು. ಅಂತಹ ಜಾಗ ದೊರೆಯದೆಂಬ ಅಂಜಿಕೆಯಿಂದ ಅನೇಕ ಸ್ತ್ರೀಯರು ಪ್ರಯಾಣದ ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದರಿಂದ ನಿರ್ಜಲೀಕರಣ ಮತ್ತು ಮೂತ್ರನಾಳದ ಸೋಂಕಿನ ಸಂಭವ ಹೆಚ್ಚುತ್ತದೆ. ನಾಲ್ಕನೆಯ ಅಗತ್ಯವು ಒಂಟಿ ಪ್ರಯಾಣಿಕರನ್ನು ಬಾಧಿಸುತ್ತದೆ. ಸ್ನಾನಕ್ಕೆ ಹೋದಾಗ ಚೀಲವನ್ನು ಕಾಯುವವರು ಯಾರು ಎಂಬುದೇ ಅವರ ತೊಡಕು.

ಮನೆಗೆ ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಟ್ಟು, ಬಳಿಕ ಕುಡಿಯಲು ನೀರು ಮತ್ತು ಬೆಲ್ಲ ಕೊಡುವುದು ಉತ್ತರ ಕರ್ನಾಟಕದ ರೂಢಿ. ಕಾಲು ತೊಳೆಯುವುದು ಧೂಳನ್ನು ಕಳೆಯುವುದಲ್ಲದೆ ಬಹುಹೊತ್ತು ಕುಳಿತೋ ನಡೆದೋ ಬಂದವರ ಪಾದದ ಉರಿಯನ್ನೂ ತಣಿಸುತ್ತದೆ. ಸಾರ್ವಜನಿಕ ತಂಗುದಾಣಗಳು ಈ ಗೃಹಾಚಾರದ ವಿಸ್ತರಣೆಯೇ ಆಗಿವೆ.

ಇತಿಹಾಸ

ದಾರಿಯಲ್ಲಿ ನೀರು ಮತ್ತು ವಿಶ್ರಾಂತಿಯನ್ನು ಒದಗಿಸುವುದು ಅರಸನ ಕರ್ತವ್ಯವೆಂಬ ಭಾವನೆ ಭಾರತದಲ್ಲಿ ಪ್ರಾಚೀನವಾದುದು. ಕ್ರಿ.ಪೂ. 3ನೆಯ ಶತಮಾನದ ಮೌರ್ಯ ಚಕ್ರವರ್ತಿ ಅಶೋಕನು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ, ಬಾವಿಗಳನ್ನು ತೋಡಿಸಿ ತಂಗುಮನೆಗಳನ್ನು ಕಟ್ಟಿಸಿದುದನ್ನೂ ತನ್ನ 7ನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಬಾದಾಮಿಯು 6ರಿಂದ 8ನೆಯ ಶತಮಾನದವರೆಗೆ ಚಾಲುಕ್ಯರ ರಾಜಧಾನಿಯಾಗಿತ್ತು. ಹುನಗುಂದ ತಾಲ್ಲೂಕಿನ ಐಹೊಳೆಯು ‘ಅಯ್ಯಾವೊಳೆ ಐನೂರ್ವರು’ ಎಂಬ ಪ್ರಸಿದ್ಧ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. ದಕ್ಷಿಣ ಭಾರತದಾದ್ಯಂತ ಹೇರುಗಳೊಡನೆ ಸಂಚರಿಸುತ್ತಿದ್ದ ಇಂತಹ ವರ್ತಕರಿಗೆ ದಾರಿಯ ಬಾವಿ, ಕೆರೆ ಮತ್ತು ಮಂಟಪಗಳು ವ್ಯಾಪಾರದ ಆಧಾರಗಳಾಗಿದ್ದವು. ಐಹೊಳೆಯ ಲಾಡಖಾನ ದೇವಾಲಯಕ್ಕೆ ಆ ಹೆಸರು ಬಂದುದು ಹಿಂದೊಮ್ಮೆ ಅದರಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ ಎಂದು ಪ್ರತೀತಿ. ಪಾಳುಬಿದ್ದ ಗುಡಿಗಳು ಜನರಿಗೆ ವಸತಿಯಾಗಿಯೂ ಒದಗಿದುದಕ್ಕೆ ಇದು ನಿದರ್ಶನ.

12ನೆಯ ಶತಮಾನದ ಶರಣರು ದಾಸೋಹವನ್ನು ಕಾಯಕದಷ್ಟೇ ಮುಖ್ಯವಾಗಿ ಪರಿಗಣಿಸಿದರು. ಬಂದವರಿಗೆ ಅನ್ನ, ನೀರು ಮತ್ತು ಆಸರೆ ಕೊಡುವುದು ಈ ಮೂಲಕ ಮಠಗಳ ನಿತ್ಯಕರ್ತವ್ಯವಾಯಿತು. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಹುನಗುಂದ ತಾಲ್ಲೂಕಿನಲ್ಲಿಯೇ ಇದೆ.

ಬ್ರಿಟಿಷರ ಆಳ್ವಿಕೆಯಲ್ಲಿ ವಿಶ್ರಾಂತಿಯು ಅಂತಸ್ತಿಗೆ ತಕ್ಕಂತೆ ಹಂಚಿಹೋಯಿತು. ಅಧಿಕಾರಿಗಳಿಗೆ ಪ್ರವಾಸಿ ಬಂಗಲೆಗಳಿದ್ದವು, ಸಾಮಾನ್ಯರಿಗೆ ಧರ್ಮಶಾಲೆಗಳಿದ್ದವು. 1867ರ ಸರಾಯಿ ಕಾಯ್ದೆಯು ತಂಗುಮನೆಗಳ ನೋಂದಣಿಯನ್ನೂ ಸ್ವಚ್ಛತೆಯನ್ನೂ ಜಿಲ್ಲಾಡಳಿತದ ಮೇಲ್ವಿಚಾರಣೆಗೆ ಒಳಪಡಿಸಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ಮಾರ್ಗವಾಗಿ ಹೊಟಗಿಗೆ ಮೀಟರ್‌ಗೇಜ್ ಹಳಿ ಹಾಕಿದ ಮೇಲೆ ಹೊಸ ಬಗೆಯ ಕಾಯುವಿಕೆ ಆರಂಭವಾಯಿತು. ನಡೆದು ಹೋಗುವವನು ತನಗೆ ದಣಿವಾದಾಗ ನಿಲ್ಲುತ್ತಿದ್ದನು. ರೈಲಿನ ಪ್ರಯಾಣಿಕನು ವೇಳಾಪಟ್ಟಿ ನಿಲ್ಲಿಸಿದಲ್ಲಿ ನಿಲ್ಲಬೇಕಾಯಿತು. ಮೇಲಿನ ದರ್ಜೆಯವರಿಗೆ ಸ್ನಾನದ ಕೋಣೆಯಿದ್ದ ನಿರೀಕ್ಷಣಾ ಕೊಠಡಿಯೂ ಮೂರನೆಯ ದರ್ಜೆಯವರಿಗೆ ತೆರೆದ ಚಾವಡಿಯೂ ಅಂದಿನ ರೈಲ್ವೆಯ ಪದ್ಧತಿ. ಮೂರನೆಯ ದರ್ಜೆಯ ಪ್ರಯಾಣಿಕರ ಬವಣೆಯನ್ನು ಕುರಿತು ಮಹಾತ್ಮ ಗಾಂಧಿಯವರು 1917ರಲ್ಲಿ ಬರೆದಿದ್ದಾರೆ.

ತೀರ್ಥ, ಹೊಂಡ ಮತ್ತು ಮಂಟಪಗಳು

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಬಳಿ ಇರುವ ಬನಶಂಕರಿ ದೇವಾಲಯದ ಮುಂದಿನ ಹರಿದ್ರಾತೀರ್ಥವು ಚೌಕಾಕಾರದ ದೊಡ್ಡ ಹೊಂಡ. ಇದರ ಸುತ್ತ ಮೂರು ಬದಿಗಳಲ್ಲಿ ಕಲ್ಲಿನ ಕಂಬಗಳ ಮಂಟಪಸಾಲು ಇದೆ. ಮಧ್ಯದಲ್ಲಿ ನೀರು, ಅಂಚಿಗೆ ಮೆಟ್ಟಿಲು, ಅದರ ಹಿಂದೆ ನೆರಳು ಎಂಬ ಈ ರಚನೆಯು ಯಾತ್ರಿಕರ ಸ್ನಾನ ಮತ್ತು ವಿಶ್ರಾಂತಿ ಎರಡಕ್ಕೂ ಅನುಕೂಲವಾದುದು. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ರಥೋತ್ಸವ ನಡೆಯುತ್ತದೆ; ಜಾತ್ರೆ ಹಲವು ವಾರ ಮುಂದುವರಿಯುತ್ತದೆ. ಆಗ ನಾಟಕ ಕಂಪನಿಗಳು ಬೀಡುಬಿಟ್ಟು ರಾತ್ರಿ ಪ್ರದರ್ಶನ ನೀಡುವುದರಿಂದ, ಚಕ್ಕಡಿಗಳಲ್ಲಿಯೂ ವಾಹನಗಳಲ್ಲಿಯೂ ಬಂದ ಕುಟುಂಬಗಳು ಅಲ್ಲಿಯೇ ಇರುಳು ಕಳೆಯುತ್ತವೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಹೊಂಡದಲ್ಲಿ ನೀರು ನಿಲ್ಲುವುದಿಲ್ಲ. ಆಗ ಮಂಟಪದ ನೆರಳು ಉಳಿಯುತ್ತದೆ, ಸ್ನಾನದ ಅನುಕೂಲ ಉಳಿಯುವುದಿಲ್ಲ.

ಇದೇ ತಾಲ್ಲೂಕಿನ ಮಹಾಕೂಟದ ವಿಷ್ಣು ಪುಷ್ಕರಿಣಿಯು ಇದಕ್ಕಿಂತ ಭಿನ್ನ. ಬುಗ್ಗೆಯ ನೀರು ಇದನ್ನು ತುಂಬುತ್ತದೆ. ದರ್ಶನಕ್ಕೆ ಬಂದವರು ಇದರಲ್ಲಿ ಮೀಯುವುದು ಇಂದಿಗೂ ರೂಢಿಯಲ್ಲಿದೆ. ಬಾದಾಮಿ ಪಟ್ಟಣದ ಅಗಸ್ತ್ಯತೀರ್ಥವು ಮೆಟ್ಟಿಲುಗಳಿರುವ ವಿಶಾಲ ಕೆರೆ; ಊರಿನವರು ಇದರಲ್ಲಿ ಬಟ್ಟೆ ಒಗೆಯುತ್ತಾರೆ, ಪ್ರವಾಸಿಗರು ಇದರ ದಡದ ಭೂತನಾಥ ದೇವಾಲಯದ ಜಗಲಿಯಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ.

ಕೂಡಲಸಂಗಮದಲ್ಲಿ ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುತ್ತವೆ. ನಾರಾಯಣಪುರ ಜಲಾಶಯದ ಹಿನ್ನೀರು ಇಲ್ಲಿಯವರೆಗೆ ನಿಲ್ಲುವುದರಿಂದ ಐಕ್ಯಮಂಟಪವನ್ನು ಬಾವಿಯಂತಹ ಗೋಡೆಯಿಂದ ರಕ್ಷಿಸಲಾಗಿದೆ. ಕೂಡಲಸಂಗಮ ಅಭಿವೃದ್ಧಿ ಮಂಡಳಿಯ ಯೋಜನೆಯಿಂದ ಇಲ್ಲಿ ಯಾತ್ರಿಕರ ವಸತಿ ಮತ್ತು ದಾಸೋಹದ ವ್ಯವಸ್ಥೆಗಳು ಬೆಳೆದಿವೆ. ಜಾತ್ರೆ ಮತ್ತು ಜನವರಿಯ ಶರಣಮೇಳದ ದಿನಗಳಲ್ಲಿ ಕೊಠಡಿಗಳು ಸಾಲದೆ ಜನರು ಬಯಲಿನಲ್ಲಿಯೂ ತಂಗುತ್ತಾರೆ.

ಪಾದಯಾತ್ರೆಯ ಸೇವೆ

ಯುಗಾದಿಯ ಹೊತ್ತಿಗೆ ಶ್ರೀಶೈಲ ತಲುಪಲು ಬಾಗಲಕೋಟೆ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳ ಭಕ್ತರು ಪಾದಯಾತ್ರೆ ಹೊರಡುತ್ತಾರೆ. ಬಿಸಿಲೇರುವ ಮುನ್ನ ಮತ್ತು ಇಳಿದ ಬಳಿಕ ನಡೆದು, ನಡುಹಗಲು ತಂಗುವುದು ಅವರ ಕ್ರಮ. ದಾರಿಯ ಊರುಗಳ ಜನರು ಚಪ್ಪರ ಹಾಕಿ ನೀರು, ಮಜ್ಜಿಗೆ ಮತ್ತು ಊಟ ಕೊಡುತ್ತಾರೆ. ಸ್ನಾನಕ್ಕೆ ನೀರು ಒದಗಿಸುತ್ತಾರೆ. ಬೊಬ್ಬೆ ಎದ್ದ ಕಾಲುಗಳನ್ನು ತೊಳೆದು, ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಇದಕ್ಕೆ ಶುಲ್ಕವಿಲ್ಲ; ಸೇವೆ ಪಡೆದವರ ಊರು, ಜಾತಿ ಕೇಳುವ ಕ್ರಮವೂ ಇಲ್ಲ. ಅರವಟ್ಟಿಗೆಯ ಹಳೆಯ ಕಲ್ಪನೆಯು ಜೀವಂತವಾಗಿ ಉಳಿದಿರುವುದು ಮುಖ್ಯವಾಗಿ ಈ ಸೇವೆಯಲ್ಲಿ. ಆದರೆ ಇದು ವರ್ಷದ ಕೆಲವು ದಿನಗಳಿಗೆ ಸೀಮಿತ. ವರ್ಷವಿಡೀ ನಡೆಯುವ ಆತಿಥ್ಯಕ್ಕೆ ಇಳಕಲ್ಲಿನ ವಿಜಯ ಮಹಾಂತೇಶ ಮಠದಂತಹ ಮಠಗಳ ದಾಸೋಹ ಉದಾಹರಣೆ.

ರೈಲು ಮತ್ತು ಬಸ್ ನಿಲ್ದಾಣಗಳು

ಜಿಲ್ಲೆಯ ರೈಲುಮಾರ್ಗ ಈಗ ಬ್ರಾಡ್‌ಗೇಜ್ ಆಗಿದ್ದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ಬೆಂಗಳೂರಿನ ಕಡೆಯಿಂದ ಸಂಜೆ ಹೊರಡುವ ರೈಲುಗಳಲ್ಲಿ ಬರುವವರು ರಾತ್ರಿಯೆಲ್ಲ ಪ್ರಯಾಣ ಮಾಡಿ ಇಳಿಯುತ್ತಾರೆ. ಬಾದಾಮಿ ನಿಲ್ದಾಣ ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಆದ್ದರಿಂದ ಅಲ್ಲಿ ಇಳಿದವರು ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ಮುಖ ತೊಳೆದು ಹೊರಡುವುದೋ, ಟಾಂಗಾ ಅಥವಾ ಆಟೊದಲ್ಲಿ ಊರು ಸೇರಿ ವಸತಿಗೃಹ ಹಿಡಿಯುವುದೋ ಎಂದು ಮೊದಲೇ ನಿರ್ಧರಿಸಬೇಕಾಗುತ್ತದೆ. ಅಮೃತ ಭಾರತ ನಿಲ್ದಾಣ ಯೋಜನೆಯಡಿ ನವೀಕರಿಸಿ 2025ರ ಮೇ 22ರಂದು ಉದ್ಘಾಟಿಸಲಾದ ದೇಶದ 103 ನಿಲ್ದಾಣಗಳಲ್ಲಿ ಬಾಗಲಕೋಟೆಯೂ ಒಂದು.

ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯು ವಿಶ್ರಾಂತಿ ಕೊಠಡಿಗಳನ್ನು ಬಾಡಿಗೆಗೆ ಕೊಡುತ್ತದೆ. ಖಚಿತಗೊಂಡ ಪ್ರಯಾಣಚೀಟಿ ಉಳ್ಳವರು ಅದರ ಪಿಎನ್‌ಆರ್ ಸಂಖ್ಯೆಯ ಆಧಾರದ ಮೇಲೆ ಸಾಮಾನ್ಯವಾಗಿ 12 ಅಥವಾ 24 ಗಂಟೆಗಳ ಅವಧಿಗೆ ಕೊಠಡಿಯನ್ನಾಗಲಿ ಹಾಸಿಗೆಯನ್ನಾಗಲಿ ಕಾಯ್ದಿರಿಸಬಹುದು. ಹೀಗೆ ಕಾಯ್ದಿರಿಸಿದವರಿಗೆ ಮೇಲೆ ಹೇಳಿದ ನಾಲ್ಕು ಅಗತ್ಯಗಳೂ ಒಂದೆಡೆ ಪೂರೈಸುತ್ತವೆ. ಬಸ್ಸಿನಿಂದ ಬಸ್ಸಿಗೆ ಬದಲಿಸುವವರಿಗೆ ಇಂತಹ ಅವಕಾಶವಿಲ್ಲ.

ಹುನಗುಂದ ಮತ್ತು ಇಳಕಲ್ ಪಟ್ಟಣಗಳಿಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಈ ಎರಡೂ ಊರುಗಳು ವಿಜಯಪುರ–ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50ರ ಮೇಲಿವೆ. ಬಾಗಲಕೋಟೆಯ ರೈಲುಮಾರ್ಗ ಇವುಗಳನ್ನು ಮುಟ್ಟುವುದಿಲ್ಲ. ಸೀರೆ ವ್ಯಾಪಾರಕ್ಕೆ ಇಳಕಲ್ಲಿಗೆ ಬರುವವರೂ, ಕೂಡಲಸಂಗಮ ಹಾಗೂ ಐಹೊಳೆಗೆ ಹೋಗುವವರೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ನೆಚ್ಚುತ್ತಾರೆ. ಕರದಂಟಿಗೆ ಹೆಸರಾದ ಅಮೀನಗಡದಂತಹ ನಡುದಾರಿಯ ಊರುಗಳಲ್ಲಿ ಬಸ್ ನಿಂತಷ್ಟು ಹೊತ್ತು ಮಾತ್ರ ವಿರಾಮ. ಬಸ್ ನಿಲ್ದಾಣಗಳ ಶುಲ್ಕಸಹಿತ ಶೌಚಾಲಯಗಳ ಮಾದರಿಯನ್ನು ದೇಶದಲ್ಲಿ ವ್ಯಾಪಕಗೊಳಿಸಿದ್ದು 1970ರಲ್ಲಿ ಬಿಂದೇಶ್ವರ ಪಾಠಕ್ ಸ್ಥಾಪಿಸಿದ ಸುಲಭ್ ಸಂಸ್ಥೆ. ಇಂತಹ ಕಡೆ ಸ್ನಾನದ ಕೋಣೆಯೂ ಇದ್ದರೆ ಕೆಲವೇ ರೂಪಾಯಿಗಳಲ್ಲಿ ಮರೆ ಮತ್ತು ನೀರು ಎರಡೂ ಸಿಗುತ್ತವೆ.

ಬಾಗಲಕೋಟೆ ನಗರದಲ್ಲಿ ಇನ್ನೊಂದು ವಿಶೇಷವಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಊರಿನ ಭಾಗಗಳು ಮುಳುಗಡೆಯಾದುದರಿಂದ ನವನಗರವನ್ನು ನಿರ್ಮಿಸಲಾಯಿತು. ಹಳೆಯ ಊರು ಮತ್ತು ನವನಗರಗಳಿಗೆ ಬೇರೆ ಬೇರೆ ಬಸ್ ನಿಲ್ದಾಣಗಳಿವೆ. ಮುಂದಿನ ಬಸ್ ಯಾವ ನಿಲ್ದಾಣದಿಂದ ಹೊರಡುತ್ತದೆ ಎಂಬುದನ್ನು ತಿಳಿದ ಬಳಿಕವೇ ವಿಶ್ರಾಂತಿಯ ಸ್ಥಳವನ್ನು ಆರಿಸಿಕೊಳ್ಳುವುದು ಲೇಸು.

ವಿಮಾನ ಪ್ರಯಾಣಿಕರು

ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಸೇವೆ ಇಲ್ಲ. ಹುಬ್ಬಳ್ಳಿ ಮತ್ತು ಬೆಳಗಾವಿಯ ನಿಲ್ದಾಣಗಳು ಸಮೀಪದವು. ವಿದೇಶಕ್ಕೆ ಹೋಗುವವರು ಹೆಚ್ಚಾಗಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅವಲಂಬಿಸುತ್ತಾರೆ. ರಾತ್ರಿಯ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಬಂದು ಬೆಂಗಳೂರು ತಲುಪಿದವರು ವಿಮಾನಕ್ಕಾಗಿ ಅರ್ಧ ದಿನಕ್ಕೂ ಹೆಚ್ಚು ಕಾಯುವ ಸಂದರ್ಭ ಬರುವುದುಂಟು. ಅಲ್ಲಿ ಶುಲ್ಕ ಕೊಟ್ಟು ಬಳಸುವ ಲೌಂಜ್‌ಗಳೂ ನಿಲ್ದಾಣದ ಆವರಣದಲ್ಲಿಯೇ ತಂಗುವ ಹೋಟೆಲ್ ಸೌಲಭ್ಯವೂ ಇವೆ. ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಉಚಿತ ವಿಶ್ರಾಂತಿ ಸ್ಥಳಗಳೂ ಶುಲ್ಕಸಹಿತ ಸ್ನಾನದ ಕೋಣೆಗಳೂ ಇವೆ. ಕುಳಿತು ಕಾಯಲು, ಮುಖ ತೊಳೆಯಲು ಎಲ್ಲೆಡೆ ಹಣ ಬೇಕಿಲ್ಲ. ಮಲಗಲು ಮತ್ತು ಸ್ನಾನಕ್ಕೆ ಬಹುತೇಕ ಕಡೆ ಹಣ ಕೊಡಬೇಕು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ತೆಳುವಾದ ಟವೆಲ್ ಮತ್ತು ಹಲ್ಲುಜ್ಜುವ ಸಾಮಗ್ರಿಯನ್ನು ಇಟ್ಟುಕೊಂಡವರಿಗೆ ಈ ಕಾಯುವಿಕೆ ಸುಲಭವಾಗುತ್ತದೆ.

ವಸತಿಗೃಹಗಳು

ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಚಾಲುಕ್ಯ ಬಾದಾಮಿಯಲ್ಲಿದೆ. ಖಾಸಗಿ ವಸತಿಗೃಹಗಳು ಬಾಗಲಕೋಟೆ, ಬಾದಾಮಿ ಮತ್ತು ಇಳಕಲ್ ಪಟ್ಟಣಗಳಲ್ಲಿವೆ. ಕೆಲವೇ ತಾಸು ಉಳಿಯುವವರಿಗೂ ಹಲವೆಡೆ ಪೂರ್ಣ ದಿನದ ಬಾಡಿಗೆ ತಗಲುತ್ತದೆ. ಲೆಕ್ಕವು ಹೊಕ್ಕ ಸಮಯದಿಂದ 24 ಗಂಟೆಯೋ ಅಥವಾ ಮಧ್ಯಾಹ್ನ 12ಕ್ಕೆ ಮುಗಿಯುತ್ತದೆಯೋ ಎಂಬುದನ್ನು ಬೆಳಗಿನ ಜಾವ ಬಂದಿಳಿಯುವವರು ಮೊದಲೇ ವಿಚಾರಿಸುವುದು ಅಗತ್ಯ. ಗುರುತಿನ ಚೀಟಿ ತೋರಿಸುವುದು ಎಲ್ಲೆಡೆ ಕಡ್ಡಾಯ.

ಪ್ರಸ್ತುತ ಸ್ಥಿತಿ

ಹಳೆಯ ವ್ಯವಸ್ಥೆಯು ನೆರಳು ಮತ್ತು ನೀರನ್ನು ಯಾರಿಗೂ ನಿರಾಕರಿಸದಿರುವ ಆದರ್ಶವನ್ನು ಇಟ್ಟುಕೊಂಡಿತ್ತು. ಆದರೂ ಜಾತಿಯ ಕಟ್ಟಳೆಗಳಿಂದಾಗಿ ಎಲ್ಲ ಬಾವಿ, ಕೆರೆ, ಛತ್ರಗಳು ಎಲ್ಲರಿಗೂ ತೆರೆದಿರಲಿಲ್ಲ. ಸ್ನಾನಕ್ಕೆ ಹೆಂಗಸರಿಗೆ ಬೇಕಾದ ಮರೆಯೂ ತೆರೆದ ಹೊಂಡದಲ್ಲಿ ಸಿಗುತ್ತಿರಲಿಲ್ಲ. ಸಂವಿಧಾನದ 15ನೆಯ ವಿಧಿಯು ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಯಲ್ಲಿ ಜಾತಿ, ಧರ್ಮ, ಲಿಂಗ ಮೊದಲಾದವುಗಳ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸಿದೆ. ಹೊಸ ವ್ಯವಸ್ಥೆಯು ಈ ಭೇದವನ್ನು ಕಾನೂನಿನಿಂದ ತೆಗೆದು, ಮುಚ್ಚಿದ ಕೋಣೆಯನ್ನು ಒದಗಿಸಿತು. ಜೊತೆಗೆ ಅದಕ್ಕೆ ಬೆಲೆಯನ್ನೂ ಕಟ್ಟಿತು. ರೈಲಿನ ಪ್ರಯಾಣಿಕರಿಗೆ ದೊರೆಯುವ ಸೌಕರ್ಯ ರಸ್ತೆಯ ಪ್ರಯಾಣಿಕರಿಗೂ, ಪಟ್ಟಣದಲ್ಲಿ ದೊರೆಯುವುದು ಹಳ್ಳಿಯ ಅಡ್ಡರಸ್ತೆಯಲ್ಲಿಯೂ ದೊರೆಯುವಂತಾಗುವುದು ಈ ಬೆಳವಣಿಗೆಯಲ್ಲಿ ಉಳಿದಿರುವ ಕೆಲಸ. ಹೆದ್ದಾರಿಯ ಬದಿಯ ತಂಗುದಾಣಕ್ಕೆ ನೀರಿನ ನಳ, ದೀಪ ಮತ್ತು ಒಳಗಿನಿಂದ ಅಗಳಿ ಹಾಕಬಹುದಾದ ಒಂದು ಸಣ್ಣ ಕೋಣೆ ಸೇರಿದರೆ ಅದು ತನ್ನ ಹೆಸರಿಗೆ ತಕ್ಕುದಾಗುತ್ತದೆ.