ಬಾಲಗ್ರಹದಿಂದ ಫೆರಿಟಿನ್‌ವರೆಗೆ

ಜ್ವರ ಏರಿದ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಸೆಳೆದುಕೊಂಡರೆ ನಮ್ಮ ಅಜ್ಜಿಯಂದಿರು ‘ಬಾಲಗ್ರಹ’ ಎನ್ನುತ್ತಿದ್ದರು. ಹೆಸರು ಬಹಳ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳಿವೆ. ಪ್ರಜ್ಞೆ ತಪ್ಪುವುದು, ಕೈಕಾಲು ಕುಣಿಯುವುದು, ಬಾಯಲ್ಲಿ ನೊರೆ ಬರುವುದು ಅವುಗಳಲ್ಲಿ ಒಂದಾದ ಸ್ಕಂದಾಪಸ್ಮಾರದ ಲಕ್ಷಣ. ಮದ್ದು ಕಾಣದೆ ಕೆಲವರು ಮಗುವಿನ ಹೊಟ್ಟೆಗೆ ಬರೆ ಹಾಕಿಸಿದರು, ಕೆಲವರು ಮುಷ್ಟಿಯಲ್ಲಿ ಕಬ್ಬಿಣದ ಬೀಗದ ಕೈ ಇಟ್ಟರು. ತಾಯಿಗೆ ‘ದೃಷ್ಟಿ ತೆಗೆಯಲಿಲ್ಲ’ ಎಂಬ ಮಾತೂ ತಪ್ಪಲಿಲ್ಲ.

ಸೆಳೆವಿಗೂ ಆಹಾರಕ್ಕೂ ನಂಟಿರಬಹುದೆಂದು ಸ್ಪಷ್ಟವಾಗಿ ತೋರಿದ್ದು 1950ರ ದಶಕದ ಆರಂಭದಲ್ಲಿ. ಅಮೆರಿಕದಲ್ಲಿ ಒಂದು ಬಗೆಯ ಡಬ್ಬಿಹಾಲು ಕುಡಿದ ಹಸುಗೂಸುಗಳಿಗೆ ಜ್ವರವಿಲ್ಲದೆಯೇ ಫಿಟ್ಸ್ ಬರತೊಡಗಿತು. ತಯಾರಿಕೆಯ ಬಿಸಿಗೆ ಹಾಲಿನ ಬಿ6 ಜೀವಸತ್ವ ನಾಶವಾಗಿತ್ತು. ಬಿ6 ಕೊಟ್ಟೊಡನೆ ಫಿಟ್ಸ್ ನಿಂತಿತು. ವೈದ್ಯ ಡೇವಿಡ್ ಕೌರ್ಸಿನ್ 1954ರಲ್ಲಿ ಇದನ್ನು ವರದಿ ಮಾಡಿದರು.

ಜ್ವರದ ಫಿಟ್ಸ್‌ನ ಕಥೆ ಅಷ್ಟು ಸರಳವಲ್ಲ. 1976ರಲ್ಲಿ ನೆಲ್ಸನ್ ಮತ್ತು ಎಲೆನ್‌ಬರ್ಗ್ ಎಂಬ ಇಬ್ಬರು ಸಂಶೋಧಕರು, ಜ್ವರದ ಫಿಟ್ಸ್ ಬಂದಿದ್ದ 1706 ಮಕ್ಕಳನ್ನು ಏಳು ವರ್ಷದವರೆಗೆ ಗಮನಿಸಿದ ಫಲಿತಾಂಶ ಪ್ರಕಟಿಸಿದರು. ಬಹುಪಾಲು ಮಕ್ಕಳಿಗೆ ಮೂರ್ಛೆರೋಗ ಬರಲಿಲ್ಲ. ಎಷ್ಟೋ ತಾಯಂದಿರ ಎದೆಯ ಭಾರ ಇಳಿಸಿದ ಅಧ್ಯಯನವಿದು.

ಆಮೇಲೆ ಬಂದದ್ದು ಕಬ್ಬಿಣಾಂಶದ ಪ್ರಶ್ನೆ. 1995ರ ಅಧ್ಯಯನವೊಂದು ಕಬ್ಬಿಣದ ಕೊರತೆ ಫಿಟ್ಸ್ ತಡೆಯಬಹುದು ಎಂದಿತು. 1996ರ ಇಟಲಿಯ ಅಧ್ಯಯನ ಫಿಟ್ಸ್ ಬಂದ ಮಕ್ಕಳಲ್ಲೇ ರಕ್ತಹೀನತೆ ಹೆಚ್ಚು ಎಂದಿತು. ಜ್ವರದಲ್ಲಿ ಫೆರಿಟಿನ್ ತಾನಾಗಿಯೇ ಏರುವುದರಿಂದ ಅಳತೆಯೂ ತೊಡಕಿನದು. ಭಾರತದ ಹಲವು ಆಸ್ಪತ್ರೆಗಳ ಅಧ್ಯಯನಗಳು ಎರಡನೆಯದರ ಕಡೆಗೇ ವಾಲಿವೆ. ಆದರೂ ಕೊರತೆಯೇ ಕಾರಣವೆಂದು ಇನ್ನೂ ಸಿದ್ಧವಾಗಿಲ್ಲ.

ಹಾಗಾದರೆ ನಮಗೇಕೆ ಈ ಚರ್ಚೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಶೇ. 67ರಷ್ಟು ಭಾರತೀಯ ಮಕ್ಕಳಿಗೆ ರಕ್ತಹೀನತೆಯಿದೆ. ಮುಂಬಯಿಯ ಫ್ಲ್ಯಾಟಿನಲ್ಲಿ ಬರೀ ಹಾಲು–ಬಿಸ್ಕತ್ತಿನಲ್ಲಿ ಬೆಳೆಯುವ ಕೂಸೂ ಅದರಿಂದ ಹೊರತಲ್ಲ. ಆರು ತಿಂಗಳಾದ ಮೇಲೆ ಕಾಳು, ಸೊಪ್ಪು, ತಿನ್ನುವವರಾದರೆ ಮೊಟ್ಟೆ–ಮಾಂಸ, ಜೊತೆಗೆ ನಾಲ್ಕು ಹನಿ ನಿಂಬೆರಸ ಕೊಡಬೇಕು. ಕಬ್ಬಿಣದ ಔಷಧಿ ಮಾತ್ರ ವೈದ್ಯರ ಸಲಹೆಯಂತೆಯೇ.

ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನೂ ಬೇಡ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಬೇಗ ನಿಂತರೂ, ಮೊದಲ ಸಲವಾದರೆ ಅಂದೇ ವೈದ್ಯರಿಗೆ ತೋರಿಸಿ. ತಾಯಿಯನ್ನು ಮಾತ್ರ ಯಾರೂ ದೂರಬೇಡಿ.