ಒಂದು ರೂಪಾಯಿ ಟಿಕೆಟ್ಟಿನ ಲೆಕ್ಕ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಟ್ಟ ಪಸ್ ಮಾತ್ ವಿಮಾನದಲ್ಲಿ ಟಪಾಲು ಚೀಲ ಹೇರಿಕೊಂಡು ಹೊರಟರು. ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂಬಯಿಯ ಜುಹುವಿಗೆ ಬಂದರು. ಈ ಕಥೆ ಬಹಳ ಜನಕ್ಕೆ ಗೊತ್ತು. ಅದರ ಉತ್ತರಾರ್ಧ ಮಾತ್ರ ಅಷ್ಟಾಗಿ ಕಿವಿಗೆ ಬಿದ್ದಿಲ್ಲ. ಜುಹುವಿನಲ್ಲಿ ಆ ಚೀಲಗಳನ್ನು ಎತ್ತಿಕೊಂಡು ಮದ್ರಾಸಿನ ಕಡೆಗೆ ಹೊರಟವರು ನೆವಿಲ್ ವಿನ್ಸೆಂಟ್. ಬ್ರಿಟನ್ನಿನ ವಾಯುಪಡೆಯಲ್ಲಿ ಪಳಗಿದ್ದ ಈ ಪೈಲಟ್ ಹಾರಿದ್ದು ಬಳ್ಳಾರಿಯ ಮೇಲೆ. ಟಾಟಾ ಕಂಪನಿಯ ಆ ಮೊದಲ ನಕ್ಷೆಯಲ್ಲಿ ಬಳ್ಳಾರಿ ಇತ್ತು, ಬೆಂಗಳೂರು ಇರಲಿಲ್ಲ.

ಕಂಪನಿಯ ಆಸ್ತಿಯೆಂದರೆ ಜುಹುವಿನಲ್ಲಿ ಗರಿ ಹೊದಿಸಿದ ಒಂದು ಶೆಡ್ಡು, ಕೈಬೆರಳಲ್ಲಿ ಎಣಿಸಬಹುದಾದಷ್ಟು ಸಿಬ್ಬಂದಿ. ಮಳೆಗಾಲದಲ್ಲಿ ಜುಹುವಿನ ಮೈದಾನ ನೀರಿನಲ್ಲಿ ಮುಳುಗುತ್ತಿತ್ತು. ಆಗ ಇಡೀ ಸಂಸಾರ ಗಂಟುಮೂಟೆ ಕಟ್ಟಿ ಪುಣೆಗೆ ಹೋಗುತ್ತಿತ್ತು. ಇಷ್ಟಾದರೂ ಮೊದಲ ಪೂರ್ಣ ವರ್ಷದಲ್ಲಿ ಕಂಪನಿ 60,000 ರೂಪಾಯಿ ಲಾಭ ಮಾಡಿತು. ಆ ವರ್ಷ ಸಾಗಿಸಿದ್ದು ಹತ್ತು ಟನ್ನಿಗೂ ಮೀರಿದ ಟಪಾಲು ಮತ್ತು 155 ಪ್ರಯಾಣಿಕರು. ಅಂದರೆ ವರ್ಷವಿಡೀ ಹತ್ತಿದ ಜನ ಇವತ್ತಿನ ಒಂದು ಏರ್‌ಬಸ್ಸಿನಲ್ಲಿ ಕೂತರೂ ಸೀಟು ಮಿಗುತ್ತದೆ. ಹೊಟ್ಟೆಗೆ ಅನ್ನ ಹಾಕಿದ್ದು ಕಾಗದಗಳೇ ಹೊರತು ಮನುಷ್ಯರಲ್ಲ. ಮನುಷ್ಯರನ್ನು ಕೂರಿಸಿ ಬದುಕಬೇಕಾದ ಕಾಲ ಬಂದ ಮೇಲೆ ಈ ಕಸುಬಿನ ಲೆಕ್ಕ ಸರಿಹೋದದ್ದು ಅಪರೂಪ.

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗದ ಬೆಲೆಗೆ ಸಿಕ್ಕವು. ದುಡ್ಡಿದ್ದವರೆಲ್ಲ ಕಂಪನಿ ಕಟ್ಟಿದರು. ಹೈದರಾಬಾದಿನ ನಿಜಾಮರ ಡೆಕ್ಕನ್ ಏರ್‌ವೇಸ್, ಬಿಜು ಪಟ್ನಾಯಕರ ಕಳಿಂಗ ಏರ್‌ಲೈನ್ಸ್ ಆ ಕಾಲದವು. ವಿಮಾನ ಸಿಕ್ಕಷ್ಟು ಸುಲಭವಾಗಿ ಪ್ರಯಾಣಿಕರು ಸಿಗಲಿಲ್ಲ. 1953ರಲ್ಲಿ ಸರ್ಕಾರ ಎಂಟು ಕಂಪನಿಗಳನ್ನು ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಹೊರದೇಶಗಳ ಹಾರಾಟ ಟಾಟಾ ಕಂಪನಿಯಿಂದ ಬೆಳೆದ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ಗೆ ಹೋಯಿತು, ಅದೂ ಸರ್ಕಾರದ್ದಾಯಿತು. ಮುಂದಿನ ನಾಲ್ಕು ದಶಕ ದೇಶದೊಳಗಿನ ವಿಮಾನವೆಂದರೆ ಅಧಿಕಾರಿಗಳು, ದೊಡ್ಡ ವ್ಯಾಪಾರಿಗಳು, ಸಂಸದರು ಹತ್ತುವ ವಾಹನ. ಉಳಿದವರಿಗೆ ಅದು ತಲೆ ಎತ್ತಿ ನೋಡುವ ವಸ್ತು.

ಬೆಂಗಳೂರಿಗೆ ವಿಮಾನದ ನಂಟು ಬೇರೆ ಬಾಗಿಲಿನಿಂದ ಬಂತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಕಾರ್ಖಾನೆಯ ರನ್‌ವೇಯೇ ಊರಿನ ವಿಮಾನ ನಿಲ್ದಾಣವಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗುವವರೆಗೂ ಬೆಂಗಳೂರಿಗರ ಬಾಯಲ್ಲಿ ‘ಏರ್‌ಪೋರ್ಟ್’ ಎಂದರೆ ಎಚ್‌ಎಎಲ್. 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸಿನ ಹೊಸ ಎ320 ಇಳಿಯುವ ಹೊತ್ತಿಗೆ ರನ್‌ವೇ ಮುಟ್ಟದೆ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ 92 ಮಂದಿ ಸತ್ತದ್ದೂ ಅಲ್ಲೇ.

ತೊಂಬತ್ತರ ದಶಕದಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಎನ್‌ಇಪಿಸಿ ಸಾಲಾಗಿ ಬಂದವು. ಐದಾರು ವರ್ಷದೊಳಗೆ ಇವೆಲ್ಲ ಮುಚ್ಚಿದವು. ದಡ ಸೇರಿದ್ದು ಜೆಟ್ ಮತ್ತು ಸಹಾರಾ ಮಾತ್ರ. ಹೊಸಬರು ತಂದದ್ದು ಬಿಸಿ ಊಟ, ನಗುಮುಖ, ಹೊತ್ತಿಗೆ ಸರಿಯಾದ ಹಾರಾಟ. ಟಿಕೆಟ್ ದರ ಹೆಚ್ಚುಕಡಿಮೆ ಹಳೆಯದೇ. ರೈಲು ಹತ್ತುವವನನ್ನು ವಿಮಾನಕ್ಕೆ ಕರೆತರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅದು ಹೊಳೆದದ್ದು ಗೊರೂರಿನವರೊಬ್ಬರಿಗೆ. ಹಾಸನ ಜಿಲ್ಲೆಯ ಆ ಹಳ್ಳಿಯಲ್ಲಿ ಮೇಷ್ಟರ ಮಗನಾಗಿ ಬೆಳೆದ ಜಿ.ಆರ್. ಗೋಪಿನಾಥ್ ಸೇನೆ ಸೇರಿ 1971ರ ಯುದ್ಧ ಕಂಡವರು. ಕ್ಯಾಪ್ಟನ್ ಆಗಿ ನೌಕರಿ ಬಿಟ್ಟು ಊರಿಗೆ ಮರಳಿ ತೋಟ ಮಾಡಿದರು, ರೇಷ್ಮೆ ಬೆಳೆದರು. ಅದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು. ಆಮೇಲೆ ಸೇನೆಯ ಗೆಳೆಯರಾದ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆಗೂಡಿ ಬಾಡಿಗೆ ಹೆಲಿಕಾಪ್ಟರಿನ ಕಂಪನಿ ನಡೆಸಿದರು. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಶುರುವಾಯಿತು. ಅವರು ಮೊದಲಿಗೆ ಹಿಡಿದ ದಾರಿಯೇ ಅವರ ತಲೆ ಹೇಗೆ ಓಡುತ್ತಿತ್ತೆಂಬುದನ್ನು ಹೇಳುತ್ತದೆ. ದೆಹಲಿ ಅಲ್ಲ, ಮುಂಬಯಿ ಅಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ.

ವಿಮಾನ ಎಟಿಆರ್, ಎರಡು ಪ್ರೊಪೆಲರ್, 48 ಸೀಟು. ಸೀಟಿಗೆ ನಂಬರಿಲ್ಲ. ಹಾಗಾಗಿ ಕೆಂಪು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವ ಉತ್ಸಾಹದಲ್ಲೇ ಜನ ಮೆಟ್ಟಿಲ ಕಡೆಗೆ ಧಾವಿಸುತ್ತಿದ್ದರು. ಊಟವಿಲ್ಲ, ಬೇಕಾದವರು ಕೊಂಡು ತಿನ್ನಬೇಕು. ಬಣ್ಣದ ಕಾಗದದ ಟಿಕೆಟ್ ಪುಸ್ತಕವಿಲ್ಲ, ಸೈಬರ್ ಕೆಫೆಯಲ್ಲಿ ಮುದ್ರಿಸಿಕೊಂಡ ಬಿಳಿ ಹಾಳೆಯೇ ಟಿಕೆಟ್. ಹಿಂದೂಸ್ತಾನ್ ಪೆಟ್ರೋಲಿಯಂ ಬಂಕುಗಳಲ್ಲೂ ಮಾರಾಟವಿತ್ತು. ಲಾಂಛನಕ್ಕೆ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಅದೇ ಚೌಕಳಿ ಕೋಟಿನ ಮುದುಕ. ಇದಕ್ಕಿಂತ ಒಪ್ಪುವ ಗುರುತು ಬೇರೆ ಸಿಗುತ್ತಿರಲಿಲ್ಲ.

ಒಂದು ರೂಪಾಯಿ ಟಿಕೆಟ್ ಕೂಡ ಆಗಲೇ ಬಂತು. ಅದನ್ನು ಬರೀ ಪ್ರಚಾರದ ಗಿಮಿಕ್ ಎಂದು ತಳ್ಳಿಹಾಕಿದವರು ಹಲವರು. ಆದರೆ ಅದರ ಹಿಂದೆ ಲೆಕ್ಕವಿತ್ತು. ವಿಮಾನದ ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿಗೆ ಕವಡೆ ಕಿಮ್ಮತ್ತಿಲ್ಲ. ಪೈಲಟ್‌ನ ಸಂಬಳ, ವಿಮಾನದ ಬಾಡಿಗೆ, ಇಳಿದಾಣದ ಶುಲ್ಕ ಸೀಟು ತುಂಬಿದರೂ ಒಂದೇ, ಖಾಲಿ ಹೋದರೂ ಒಂದೇ. ಆದ್ದರಿಂದ ಮೊದಲು ಬಂದ ಕೆಲವರಿಗೆ ಪುಕ್ಕಟೆಯ ಹಾಗೆ ಕೊಡು, ದಿನ ಹತ್ತಿರವಾದಂತೆ ದರ ಏರಿಸು, ಕೊನೆಗಳಿಗೆಯಲ್ಲಿ ಬಂದ ವ್ಯಾಪಾರಿಯಿಂದ ಪೂರ್ತಿ ವಸೂಲು ಮಾಡು. ಅಮೆರಿಕದ ಸೌತ್‌ವೆಸ್ಟ್, ಐರ್ಲೆಂಡಿನ ರಯನ್‌ಏರ್ ಇಂಥ ಅಗ್ಗದ ಹಾರಾಟದಲ್ಲೇ ಬೆಳೆದಿದ್ದವು. ಭಾರತಕ್ಕೆ ಅದನ್ನು ತಂದದ್ದು ಡೆಕ್ಕನ್.

ಎಡವಟ್ಟಾದದ್ದು ಖರ್ಚಿನ ಕಡೆ. ಟಿಕೆಟ್ಟಿನ ದುಡ್ಡು ಬರುವುದು ರೂಪಾಯಿಯಲ್ಲಿ. ವಿಮಾನದ ಬಾಡಿಗೆ, ಬಿಡಿಭಾಗ, ಎಂಜಿನ್ ರಿಪೇರಿ ಎಲ್ಲ ಡಾಲರಿನಲ್ಲಿ. ಇಂಧನಕ್ಕೆ ಕೇಂದ್ರದ ಸುಂಕದ ಮೇಲೆ ರಾಜ್ಯಗಳ ಮಾರಾಟ ತೆರಿಗೆ, ಕೆಲವು ರಾಜ್ಯಗಳಲ್ಲಿ ಶೇ. 30ರ ಹತ್ತಿರ. ರಯನ್‌ಏರ್ ದೊಡ್ಡ ಊರುಗಳ ಹೊರವಲಯದ ಅಗ್ಗದ ನಿಲ್ದಾಣಗಳಲ್ಲಿ ಇಳಿದು ಉಳಿಸಿತು. ಭಾರತದ ದೊಡ್ಡ ಊರುಗಳಲ್ಲಿ ಅಂಥ ಎರಡನೆಯ ನಿಲ್ದಾಣವೇ ಇರಲಿಲ್ಲ. ಡೆಕ್ಕನ್ ಅರವತ್ತಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು, ಲಕ್ಷಾಂತರ ಜನರನ್ನು ಮೊದಲ ಬಾರಿ ವಿಮಾನ ಹತ್ತಿಸಿತು. ಹಬ್ಬಿದಷ್ಟೂ ನಷ್ಟ ಬೆಳೆಯಿತು.

ಅದೇ ಬೆಂಗಳೂರಿನಲ್ಲಿ ಅದಕ್ಕೆ ಪೂರ್ತಿ ಉಲ್ಟಾ ದಾರಿಯೂ ತೆರೆದುಕೊಂಡಿತ್ತು. 2005ರ ಮೇ ತಿಂಗಳಲ್ಲಿ ಯುಬಿ ಗ್ರೂಪಿನ ವಿಜಯ್ ಮಲ್ಯ ಕಿಂಗ್‌ಫಿಷರ್ ಏರ್‌ಲೈನ್ಸ್ ಶುರುಮಾಡಿದರು. ಪ್ರತಿ ಸೀಟಿಗೂ ಟಿವಿ ಪರದೆ, ಕೆಂಪು ಉಡುಪಿನ ಗಗನಸಖಿಯರು. ಪರದೆಯಲ್ಲಿ ಖುದ್ದು ಮಲ್ಯ ಕಾಣಿಸಿಕೊಂಡು ನಿಮ್ಮನ್ನು ನನ್ನ ಮನೆಗೆ ಬಂದ ಅತಿಥಿಗಳ ಹಾಗೆ ನೋಡಿಕೊಳ್ಳಲು ಹೇಳಿದ್ದೇನೆ ಎನ್ನುತ್ತಿದ್ದರು. ಹುಟ್ಟಿ ಎರಡು ತಿಂಗಳೂ ಆಗದ ಕಂಪನಿ ಪ್ಯಾರಿಸ್ಸಿನ ಮೇಳದಲ್ಲಿ ಐದು ಎ380 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಹಾಸಿಗೆ ಎಷ್ಟಿದೆಯೆಂದು ನೋಡಿ ಕಾಲು ಚಾಚುವ ಜಾಯಮಾನ ಅದಲ್ಲ.

2007 ಈ ಉದ್ಯಮದ ಪಾಲಿಗೆ ವಿಲೀನಗಳ ವರ್ಷ. ಜೆಟ್ 1,450 ಕೋಟಿ ರೂಪಾಯಿ ಕೊಟ್ಟು ಸಹಾರಾವನ್ನು ಕೊಂಡಿತು. ಸರ್ಕಾರ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸನ್ನು ಒಂದು ಮಾಡಿತು. ಯುಬಿ ಗ್ರೂಪ್ 550 ಕೋಟಿಗೆ ಡೆಕ್ಕನ್‌ನ ಶೇ. 26ರಷ್ಟು ಷೇರು ಹಿಡಿಯಿತು. ಮೂರೂ ವಿಲೀನಗಳು ಕೊಂಡವರ ಕೈ ಸುಟ್ಟವು. ಕಿಂಗ್‌ಫಿಷರಿಗೆ ಡೆಕ್ಕನ್ ಬೇಕಾಗಿದ್ದಕ್ಕೆ ಒಂದು ಸರಳ ಕಾರಣವೂ ಇತ್ತು. ದೇಶದೊಳಗೆ ಐದು ವರ್ಷ ಹಾರದೆ ಹೊರದೇಶಕ್ಕೆ ಹೋಗುವಂತಿಲ್ಲ ಎಂಬ ನಿಯಮ ಆಗ ಇತ್ತು. ಡೆಕ್ಕನ್‌ಗೆ ಐದು ವರ್ಷ ತುಂಬಿದ್ದು 2008ರ ಆಗಸ್ಟಿನಲ್ಲಿ. ಸೆಪ್ಟೆಂಬರ್ 3ಕ್ಕೆ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು.

ಆ ಜುಲೈನಲ್ಲಷ್ಟೇ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತ್ತು. ಬೆನ್ನಿಗೇ ಜಗತ್ತಿನ ಬ್ಯಾಂಕುಗಳು ಕುಸಿದವು. ಡೆಕ್ಕನ್ ‘ಕಿಂಗ್‌ಫಿಷರ್ ರೆಡ್’ ಆಗಿ, ಶ್ರೀಸಾಮಾನ್ಯ ಮೂಲೆ ಸೇರಿ, 2011ರಲ್ಲಿ ಅಗ್ಗದ ಸೇವೆಯನ್ನೇ ಕೈಬಿಡುವುದಾಗಿ ಕಂಪನಿ ಹೇಳಿತು. ಸಾಲ ಕೊಟ್ಟ ಬ್ಯಾಂಕುಗಳು ಒಂದಷ್ಟು ಸಾಲವನ್ನು ಪೇಟೆಯ ದರಕ್ಕಿಂತ ಹೆಚ್ಚಿನ ಬೆಲೆಗೆ ಷೇರು ಮಾಡಿಕೊಂಡವು. ತಿಂಗಳುಗಟ್ಟಲೆ ಸಂಬಳವಿಲ್ಲದ ಎಂಜಿನಿಯರುಗಳು ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರಿನಲ್ಲಿ ಎಲ್ಲವೂ ನಿಂತಿತು. ಒಂದು ವರ್ಷವೂ ಲಾಭ ಕಾಣದ ಕಂಪನಿಯಿಂದ ಬ್ಯಾಂಕುಗಳಿಗೆ ಬರಬೇಕಾದದ್ದು ಬಡ್ಡಿ ಸೇರಿ 9,000 ಕೋಟಿ ದಾಟಿತು. ಮುಂಬಯಿಯ ಕಿಂಗ್‌ಫಿಷರ್ ಹೌಸನ್ನು 2016ರಲ್ಲಿ 150 ಕೋಟಿಗೆ ಹರಾಜಿಗಿಟ್ಟರು. ಕೊಳ್ಳುವವರು ಬರಲಿಲ್ಲ. ಮತ್ತೆ ಮತ್ತೆ ದರ ಇಳಿಸಿ, 2021ರಲ್ಲಿ ಅದು ಹೋದದ್ದು 52 ಕೋಟಿಗೆ.

ಶ್ರೀಸಾಮಾನ್ಯನ ವಿಮಾನವೂ ಸಿರಿವಂತರ ವಿಮಾನವೂ ಒಂದೇ ಕಡೆ ಎಡವಿದವು. ಹಾರಿಸಲು ತಗಲುವುದಕ್ಕಿಂತ ಕಡಿಮೆ ದುಡ್ಡಿಗೆ ಸೀಟು ಮಾರಿದರು. ವ್ಯತ್ಯಾಸವನ್ನು ಯಾರೋ ತುಂಬಿಕೊಡಲೇಬೇಕಲ್ಲ. ಡೆಕ್ಕನ್‌ನಲ್ಲಿ ಷೇರುದಾರರು ತುಂಬಿದರು, ಕಿಂಗ್‌ಫಿಷರಿನಲ್ಲಿ ಸಾರ್ವಜನಿಕ ಬ್ಯಾಂಕುಗಳು ಮತ್ತು ಸಂಬಳ ಕಾಣದ ನೌಕರರು, ಏರ್ ಇಂಡಿಯಾದಲ್ಲಿ ತೆರಿಗೆ ಕಟ್ಟುವ ಎಲ್ಲರೂ. ಎರಡು ದಶಕ ನಾವು ಅನುಭವಿಸಿದ ಅಗ್ಗದ ಪ್ರಯಾಣದಲ್ಲಿ ಒಂದು ಪಾಲು ಹೀಗೆ ಬೇರೆಯವರ ಜೇಬಿನಿಂದ ಬಂದದ್ದು.

ಇಂಡಿಗೊ ಮಾತ್ರ ಖರ್ಚಿನ ಕಡೆಯಿಂದ ಶುರುಮಾಡಿತು. 2006ರ ಆಗಸ್ಟಿನಲ್ಲಿ ಮೊದಲ ವಿಮಾನ ಹಾರುವ ಮುಂಚಿನ ವರ್ಷವೇ ರಾಹುಲ್ ಭಾಟಿಯಾ ಮತ್ತು ರಾಕೇಶ್ ಗಂಗ್ವಾಲ್ 100 ಏರ್‌ಬಸ್ಸುಗಳಿಗೆ ಆರ್ಡರ್ ಕೊಟ್ಟಿದ್ದರು. ಸಗಟು ಖರೀದಿಯ ರಿಯಾಯಿತಿಯಲ್ಲಿ ವಿಮಾನ ಪಡೆದು, ಬಾಡಿಗೆ ಕಂಪನಿಗೆ ಮಾರಿ, ಅದನ್ನೇ ಕೆಲವು ವರ್ಷಕ್ಕೆ ಬಾಡಿಗೆಗೆ ಹಿಡಿಯುವುದು ಅವರ ಕ್ರಮ. ಬಹುಕಾಲ ಒಂದೇ ಜಾತಿಯ ವಿಮಾನ ಇಟ್ಟುಕೊಂಡದ್ದರಿಂದ ತರಬೇತಿ ಒಂದೇ, ಬಿಡಿಭಾಗ ಒಂದೇ. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ, ಹಾಗಾಗಿ ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಏರಿಸುವ ಅವಸರ. ಬೇಸರ ಬರಿಸುವಷ್ಟು ಶಿಸ್ತು ಅದು. ಗೆದ್ದದ್ದೂ ಅದೇ.

ಆಮೇಲಿನದು ಬಾಗಿಲು ಮುಚ್ಚಿದವರ ಪಟ್ಟಿ. 2019ರ ಏಪ್ರಿಲಿನಲ್ಲಿ ಜೆಟ್ ನಿಂತಿತು. ಕೋವಿಡ್ ಕಾಲದಲ್ಲಿ ಎರಡು ತಿಂಗಳು ದೇಶದೊಳಗೆ ಮಾಮೂಲಿ ಪ್ರಯಾಣಿಕ ವಿಮಾನವೇ ಏಳಲಿಲ್ಲ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಮನೆಗೆ ಮರಳಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿತು. ಪ್ರಾಟ್ ಅಂಡ್ ವಿಟ್ನಿ ಎಂಜಿನ್ನುಗಳು ಕೈಕೊಟ್ಟು ಅರ್ಧದಷ್ಟು ವಿಮಾನ ನೆಲ ಹಿಡಿದದ್ದೇ ಕಾರಣವೆಂದು ಅದು ದೂರಿತು. ಅದೇ ತಯಾರಕರ ಎಂಜಿನ್ ತೊಂದರೆಯಿಂದ ಇಂಡಿಗೊ ಸೇರಿದಂತೆ ಹಲವು ದೇಶಗಳ ಕಂಪನಿಗಳೂ ಹತ್ತಾರು ವಿಮಾನಗಳನ್ನು ನಿಲ್ಲಿಸಬೇಕಾಯಿತು. 2024ರ ನವೆಂಬರಿನಲ್ಲಿ ‘ವಿಸ್ತಾರ’ ಕಂಪನಿ ಏರ್ ಇಂಡಿಯಾದಲ್ಲಿ ಕರಗಿತು. ಜಗತ್ತಿನಾದ್ಯಂತ ಈ ಕಸುಬಿನ ಲಾಭವೇ ತೆಳು. ಒಳ್ಳೆಯ ವರ್ಷದಲ್ಲೂ ಒಬ್ಬ ಪ್ರಯಾಣಿಕನಿಂದ ಉಳಿಯುವುದು ಏಳು ಡಾಲರ್ ಆಸುಪಾಸು ಎಂದು ವಿಮಾನ ಕಂಪನಿಗಳ ಜಾಗತಿಕ ಸಂಘ ಐಎಟಿಎ ಅಂದಾಜು ಮಾಡಿದೆ.

ಈಗ ದೇಶದೊಳಗೆ ಹಾರುವವರಲ್ಲಿ ಬಹುಪಾಲು ಜನ ಇಂಡಿಗೊ ಅಥವಾ ಏರ್ ಇಂಡಿಯಾ ಬಳಗದವರ ಗಿರಾಕಿಗಳು. ಇಂಡಿಗೊ ಒಂದರದೇ ಶೇ. 60ಕ್ಕೂ ಮೇಲೆ. ಇಷ್ಟು ಭಾರ ಒಂದೇ ಕಂಬದ ಮೇಲೆ ಬಿದ್ದರೆ ಏನಾಗುತ್ತದೆಂಬುದು 2025ರ ಡಿಸೆಂಬರಿನಲ್ಲಿ ಕಂಡಿತು. ಪೈಲಟ್‌ಗಳ ದುಡಿಮೆ ಮತ್ತು ವಿಶ್ರಾಂತಿಯ ಹೊಸ ನಿಯಮಕ್ಕೆ ಕಂಪನಿ ಸಾಕಷ್ಟು ಸಿದ್ಧವಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟ ರದ್ದಾದವು, ಬೆಂಗಳೂರು ಸೇರಿ ಎಲ್ಲ ದೊಡ್ಡ ನಿಲ್ದಾಣಗಳಲ್ಲಿ ಜನ ಸೂಟ್‌ಕೇಸಿನ ಮೇಲೆ ಕೂತು ಕಾದರು. ಹತ್ತಲು ಬೇರೆ ಕಂಪನಿ ಇದ್ದರೆ ತಾನೆ?

ಸಣ್ಣ ಊರುಗಳ ಆಸೆ ಸತ್ತಿಲ್ಲ. ಸಣ್ಣ ಊರುಗಳ ಹಾರಾಟಕ್ಕೆ ಸರ್ಕಾರ ಸಬ್ಸಿಡಿ ಕೊಡುವ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲಿನಲ್ಲಿ ಹಾರಿತು. 2019ರಲ್ಲಿ ಕಲಬುರಗಿಗೆ, 2023ರಲ್ಲಿ ಶಿವಮೊಗ್ಗಕ್ಕೆ ನಿಲ್ದಾಣ ಬಂತು. ಸ್ಟಾರ್ ಏರ್ 2019ರಲ್ಲಿ ಮೊದಲು ಹಿಡಿದ ದಾರಿಯೂ ಬೆಂಗಳೂರು–ಹುಬ್ಬಳ್ಳಿಯೇ. ಕಟ್ಟಡ ಕಟ್ಟಿ ರಿಬ್ಬನ್ ಕತ್ತರಿಸುವುದು ಸುಲಭ. ಸಬ್ಸಿಡಿಯ ಮೂರು ವರ್ಷ ಮುಗಿದ ಮೇಲೂ ಸಣ್ಣ ವಿಮಾನ ಬರುತ್ತಿರಬೇಕಾದರೆ ಅದರ ಖರ್ಚು ಇಳಿಯಬೇಕು, ಆ ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದು. ಇಂಧನವನ್ನು ಜಿಎಸ್‌ಟಿಗೆ ಸೇರಿಸಿ ಎಂದು ಕಂಪನಿಗಳು 2017ರಿಂದ ಕೇಳುತ್ತಲೇ ಇವೆ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ ಮುಂದೆ ಈ ವಿಷಯ ಬಂದಾಗ ರಾಜ್ಯಗಳು ಒಪ್ಪಲಿಲ್ಲ.