ತೂಬು ನಿಜವಾಗಿ ಮುಚ್ಚಿದೆಯೇ?

ಏರ್ಕಾಡಿನ ಲೇಡೀಸ್ ಸೀಟ್ ಬಳಿ ನಿಂತರೆ ಕೆಳಗೆ ಸೇಲಂ ಪಟ್ಟಣ ಕಾಣುತ್ತದೆ. ಪಟ್ಟಣದ ಆಚೆ ಇರುವುದು ಕಂಜಮಲೆ. ಅದರ ಕಬ್ಬಿಣದ ಅದಿರು ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಲ್ಲು. ಅದೇ ಸೇಲಂ ಜಿಲ್ಲೆಯಲ್ಲಿ ಮೆಟ್ಟೂರು ಅಣೆಕಟ್ಟೂ ಇದೆ. ನೀರಿನ ತೂಬಿಗೂ ಅಯಸ್ಕಾಂತಕ್ಕೂ ಏನು ಸಂಬಂಧ? ಇದರ ಹಿಂದೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

1924ರಲ್ಲಿ ಮೈಸೂರು ಮತ್ತು ಮದ್ರಾಸು ಸರ್ಕಾರಗಳ ನಡುವೆ ಕಾವೇರಿ ಒಪ್ಪಂದವಾಯಿತು. ಮರುವರ್ಷ ಮೆಟ್ಟೂರಿನ ಕೆಲಸ ಆರಂಭವಾಗಿ 1934ರಲ್ಲಿ ಮುಗಿಯಿತು. ಇದರ ಪೂರ್ಣ ಮಟ್ಟ 120 ಅಡಿ. ಇಷ್ಟು ನೀರನ್ನು ಹಿಡಿದಿಟ್ಟವರಿಗೆ ಪ್ರತಿದಿನದ ಪ್ರಶ್ನೆ ಒಂದೇ: ಬಾಗಿಲು ಈಗ ಎಷ್ಟು ತೆರೆದಿದೆ? ಹಿಂದೆ ಆಳು ಹೋಗಿ ಕಣ್ಣಾರೆ ನೋಡಿ ಬರಬೇಕಿತ್ತು. ನೀರು ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುವ ಬಾಗಿಲುಗಳನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1903ರ ಸುಮಾರಿಗೆ ಪುಣೆ ಬಳಿಯ ಖಡಕ್ವಾಸ್ಲಾದಲ್ಲಿ ಅಳವಡಿಸಿದರು.

ಮುಂದೆ ಕಾರ್ಖಾನೆಗಳಲ್ಲಿ ಕೊಳವೆಯ ವಾಲ್ವ್ ತಿರುಗಿಸಲು ಯಂತ್ರ ಬಂತು. ಇದಕ್ಕೆ ಆಕ್ಚುಯೇಟರ್ ಎನ್ನುತ್ತಾರೆ. ಆಳು ದೂರದ ಕೋಣೆಯಲ್ಲಿ ಕುಳಿತ. ಅವನ ಮುಂದೆ ಉಳಿದದ್ದು ಒಂದು ದೀಪ ಮಾತ್ರ.

ಆ ದೀಪವನ್ನು ನಂಬಿದ್ದರಿಂದ ಏನಾಯಿತು ನೋಡಿ. 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸಲು ತೆರೆದ ವಾಲ್ವ್ ಮತ್ತೆ ಮುಚ್ಚಲಿಲ್ಲ. ಆದರೆ ದೀಪ ಆರಿತ್ತು. ಆ ದೀಪ ಹೇಳುತ್ತಿದ್ದುದು 'ಮುಚ್ಚು ಎಂಬ ಆಜ್ಞೆ ಹೋಗಿದೆ' ಎಂದಷ್ಟೇ, 'ಮುಚ್ಚಿದೆ' ಎಂದಲ್ಲ. ಸಿಬ್ಬಂದಿ ಮೋಸಹೋದರು. ಎರಡು ಗಂಟೆಗೂ ಹೆಚ್ಚು ಕಾಲ ನೀರು ಸೋರಿ, ಅಣುಸ್ಥಾವರದ ಒಡಲಿನ ಒಂದು ಭಾಗ ಕರಗಿಹೋಯಿತು.

ಇದಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1879ರಲ್ಲಿ, ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ ಅಮೆರಿಕದಲ್ಲೇ ಒಂದು ಪ್ರಯೋಗ ಮಾಡಿದ್ದ. ವಿದ್ಯುತ್ ಹರಿಯುವ ತೆಳು ಚಿನ್ನದ ಹಾಳೆಯನ್ನು ಅಯಸ್ಕಾಂತದ ನಡುವೆ ಇಟ್ಟಾಗ ಹಾಳೆಯ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟಿತು. ಇದೇ ಹಾಲ್ ಪರಿಣಾಮ. ಇಂದು ವಾಲ್ವಿನ ಸ್ಥಿತಿ ತಿಳಿಸುವ ಎಷ್ಟೋ ಸೆನ್ಸರ್‌ಗಳು ಇದರಿಂದಲೇ ಕೆಲಸ ಮಾಡುತ್ತವೆ.

ಜೋಡಿಸುವ ಕ್ರಮ ಸರಳ. ವಾಲ್ವಿನ ಜೊತೆ ತಿರುಗುವ ದಂಡದ ತುದಿಗೆ ಪುಟ್ಟ ಅಯಸ್ಕಾಂತ ಕೂರಿಸುತ್ತಾರೆ. ಅದರ ಎದುರಿಗೆ, ತಾಗದಂತೆ ಸ್ವಲ್ಪ ಸಂದು ಬಿಟ್ಟು, ಸೆನ್ಸರ್ ಇಡುತ್ತಾರೆ. ಎರಡರ ನಡುಬಿಂದು ಒಂದೇ ಗೆರೆಯಲ್ಲಿರಬೇಕು. ಹಿಡಿಕೆ ಅಲ್ಯೂಮಿನಿಯಂನಂತಹ, ಅಯಸ್ಕಾಂತಕ್ಕೆ ಅಂಟದ ಲೋಹದ್ದಾಗಿರಬೇಕು. ಪಕ್ಕದ ಕಬ್ಬಿಣದ ಬೋಲ್ಟ್ ಕೂಡ ಲೆಕ್ಕ ತಪ್ಪಿಸಬಹುದು. ಕೊನೆಗೆ ವಾಲ್ವನ್ನು ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಆ ಎರಡು ಕೊನೆಗಳನ್ನು ಸೆನ್ಸರ್‌ಗೆ ಕಲಿಸಬೇಕು. ತಾಗುವುದೇ ಇಲ್ಲವಾದ್ದರಿಂದ ಸವೆತವಿಲ್ಲ.

ಆದರೆ ಸೆನ್ಸರ್ ಎಲ್ಲಿ ಕೂತಿದೆ ಎಂಬುದೇ ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಇಂತಹ ಕಡೆ ಎತ್ತುವ ಯಂತ್ರಕ್ಕೆ ಮಾತ್ರ ಸೆನ್ಸರ್ ಕಟ್ಟಿದರೆ ಅದಕ್ಕೆ ಯಂತ್ರದ ಸುದ್ದಿ ಗೊತ್ತೇ ಹೊರತು ಗೇಟಿನ ಸುದ್ದಿಯಲ್ಲ. ವಾಲ್ವ್ ಆದರೂ ಅಷ್ಟೆ: ಮೋಟಾರಿಗಲ್ಲ, ವಾಲ್ವಿನ ದಂಡಕ್ಕೇ ಅಯಸ್ಕಾಂತ ಕೂರಿಸಬೇಕು.

ನಾವು ಶಿಕ್ಷಕರಿಗೂ ಇದರಲ್ಲಿ ಪಾಠವಿದೆ. 'ಅರ್ಥವಾಯಿತೇ?' ಎಂದರೆ ಇಡೀ ತರಗತಿ 'ಆಯ್ತು ಸಾರ್' ಎನ್ನುತ್ತದೆ. ಅದು ಆ ದೀಪದಂತೆ. ಮಗುವಿನ ಪಾಟಿ ನೋಡಿದಾಗಲೇ ನಿಜ ತಿಳಿಯುವುದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.